ಫಾರ್ಮಿನಲ್ಲಿ ಜಾಗವಿಲ್ಲದ್ದು

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಪಿನ್ನು ಬೇಕೆಂದು ಮೇಜಿನ ಖಾನೆ ಎಳೆದರೆ ಮೊದಲು ಮೂಗಿಗೆ ಬಡಿಯುವುದು ಗುರೆಳ್ಳು ಪುಡಿಯ ವಾಸನೆ. ಪಿನ್ನುಗಳನ್ನು ಹಾಕಿಟ್ಟಿರುವ ಸ್ಟೀಲ್ ಡಬ್ಬಿಯದು ಅದು. ಸೋಪು ಹಾಕಿ ತೊಳೆದೆ, ನಿಂಬೆಹಣ್ಣು ತಿಕ್ಕಿದೆ, ಎರಡು ದಿನ ಬಿಸಿಲಿಗಿಟ್ಟೆ. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಮೂರೂ ಡಬ್ಬಿ ಬಿಟ್ಟು ಹೋಗಲು ಒಪ್ಪಲಿಲ್ಲ. ನಾನು ಪಿನ್ನು ಹೊಡೆದು ಕಳಿಸುವ ವೀಸಾ ಅರ್ಜಿಗಳಿಗೂ ಒಂದಿಷ್ಟು ಘಮ ಹತ್ತಿರಲೇಬೇಕು. ಕೊಟ್ಟೂರಿನಿಂದ ಬಂದ ಕಾಗದ ಬಿಡಿಸುತ್ತಲೇ ಯಾವ ಯಾವ ದೇಶದ ಅಧಿಕಾರಿಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗಿದೆಯೋ, ನನಗೆ ತಿಳಿಯದು.

ಈ ಡಬ್ಬಿ ಐರ್ಲೆಂಡಿಗೆ ಹೋಗಿ ಬಂದಿದೆ. ನಾನು ಹೋಗಿಲ್ಲ. ಊರವರನ್ನೆಲ್ಲ ವಿಮಾನ ಹತ್ತಿಸುವ ನನ್ನ ಸ್ವಂತ ಪಾಸ್‌ಪೋರ್ಟಿನಲ್ಲಿ ಒಂದು ಠಸ್ಸೆಯೂ ಬಿದ್ದಿಲ್ಲ. ಅದನ್ನು ಗಿರಾಕಿಗಳಿಗೆ ತೋರಿಸುವುದಿಲ್ಲ, ನಿಮಗೆ ಹೇಳಿದೆ ಅಷ್ಟೆ.

ಮೊದಲು ನನ್ನದು ಎಲ್ಲರ ಅಂಗಡಿಯಂಥದೇ ಅಂಗಡಿ. ಜಾತಿ ಪ್ರಮಾಣಪತ್ರ, ಪಹಣಿ, ಆಧಾರ್ ತಿದ್ದುಪಡಿ, ಜೆರಾಕ್ಸ್. ಆಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಹೊರದೇಶಕ್ಕೆ ಹೊರಟರು, ಗಂಡುಮಕ್ಕಳು ಕ್ರೇನು ಓಡಿಸಲು ಗಲ್ಫಿಗೆ ಹೊರಟರು. "ಮೇಡಂ, ವೀಸಾದ್ದೂ ನೀವ ತುಂಬಿಕೊಡ್ರಿ" ಎಂದರು. ನಾನು ಇಲ್ಲವೆನ್ನುವ ಪೈಕಿಯಲ್ಲ. ಹೂಂ ಎಂದೆ, ಆಮೇಲೆ ಕಲಿಯಲು ಹೊರಟೆ. ಹಾಗೆ ಹರಪನಹಳ್ಳಿಯ ಕಾಸಿಂ ಸಾಹೇಬರ ಮೆಟ್ಟಿಲು ಹತ್ತಿದ್ದು.

ಸಾಹೇಬರು ಇಪ್ಪತ್ತು ವರ್ಷ ಕುವೈತಿನಲ್ಲಿದ್ದು ಬಂದವರು. ಹೋಗುವಾಗ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲವಂತೆ. ಬರುವ ಹೊತ್ತಿಗೆ ಕಂಪನಿಯ ಕಾಗದಪತ್ರಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿನ ನಡುವೆ, ಪ್ರತಿ ಭಾನುವಾರ ನಾಲ್ಕೈದು ಜನಕ್ಕೆ ವೀಸಾ ಅರ್ಜಿಯ ಪಾಠ ಹೇಳುತ್ತಿದ್ದರು. ಕಂಪ್ಯೂಟರ್ ಇತ್ತು. ಮೊದಲ ತಿಂಗಳು ಅದಕ್ಕೆ ಹೊದಿಸಿದ ಬಟ್ಟೆಯನ್ನೂ ನಾವು ಮುಟ್ಟುವಂತಿರಲಿಲ್ಲ.

ಮೊದಲ ಪಾಠ, ನಮ್ಮ ನಮ್ಮ ಅರ್ಜಿಯನ್ನು ನಾವೇ ತುಂಬುವುದು. ಇದೇನು ಮಹಾ ಎಂದುಕೊಂಡು ಎಲ್ಲರಿಗಿಂತ ಮೊದಲು ಮುಗಿಸಿ ಕೊಟ್ಟೆ. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಎತ್ತರ ಐದು ಅಡಿ ನಾಲ್ಕು ಇಂಚು ಅಂತ ಬರದೀಯಲ್ಲ ಬೇಟಿ. ಎದ್ದು ನಿಲ್ಲು."

ನಿಂತೆ. ಕೆಳಗಿನಿಂದ ಟೇಲರನ್ನು ಟೇಪಿನ ಸಮೇತ ಕರೆಸಿದರು. ಆತ ಗೋಡೆಗೆ ನಿಲ್ಲಿಸಿ ಅಳೆದು, ಐದು ಅಡಿ ಎರಡೇ ಇಂಚು ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿದ.

"ಈ ಎರಡು ಇಂಚು ಎಲ್ಲಿಂದ ತಂದಿ? ನಿನ್ನ ಎತ್ತರಾನ ಹಿಂಗ ಬರದ್ರೆ, ಮಂದಿ ಸುದ್ದಿ ಹೆಂಗ ಬರೀತೀಯ?"

ಉಳಿದವರು ನಕ್ಕರು. ನಾನೂ ನಕ್ಕೆನಾದರೂ ಕಿವಿ ಬಿಸಿಯಾಗಿದ್ದವು. ಉದ್ಯೋಗ ಎಂಬಲ್ಲಿ 'ಕನ್ಸಲ್ಟೆಂಟ್' ಎಂದು ಬರೆದದ್ದನ್ನು ಅವರು ನೋಡುವ ಮೊದಲೇ ಕಾಗದ ಕಸಿದುಕೊಂಡು ಹೊಡೆದುಹಾಕಿದೆ.

ವೀಸಾ ಕೊಡಿಸುತ್ತೇನೆಂದು ಯಾರಿಗೂ ಮಾತು ಕೊಡಬಾರದು, ಅದು ಕೊಡುವವರಿಗೆ ಬಿಟ್ಟದ್ದು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದಷ್ಟೇ ನಮ್ಮ ಕೆಲಸ ಎನ್ನುತ್ತಿದ್ದರು ಸಾಹೇಬರು. ಅವರದೊಂದು ವಿಚಿತ್ರ ಪದ್ಧತಿಯೂ ಇತ್ತು. ಅರ್ಜಿ ಎಷ್ಟೇ ಪುಟದ್ದಿರಲಿ, ಕೊನೆಯಲ್ಲಿ ಅವರ ಸ್ವಂತದ ಒಂದು ಪ್ರಶ್ನೆ ಕೇಳಲೇಬೇಕು: "ಈ ಫಾರ್ಮಿನಾಗ ಬರಿಯಾಕ ಜಾಗ ಇಲ್ಲದ್ದು ಏನಾದ್ರೂ ಐತೇನು?" ಕೇಳಿದ ಮೇಲೆ ಒಂದು ಚಹಾ ತರಿಸಬೇಕು. ಆ ಚಹಾ ಮುಗಿಯುವವರೆಗೆ ನಾವು ತುಟಿ ಬಿಚ್ಚಬಾರದು. ಸಾಹೇಬರಿಗೆ ಚಹಾದ ಚಟ, ಅದಕ್ಕೊಂದು ನೆಪ ಎಂದು ಬಸ್ಸಿನಲ್ಲಿ ಬರುವಾಗ ನಾವು ಆಡಿಕೊಳ್ಳುತ್ತಿದ್ದೆವು.

ಮೂರು ತಿಂಗಳಿಗೆ ಪಾಠ ಮುಗಿಯಿತು. ಕೊಟ್ಟೂರಿಗೆ ಬಂದು 'ವೀಸಾ ಸಲಹೆ' ಎಂದು ಬೋರ್ಡು ಬರೆಸಿದೆ. ಆ ಕೊನೆಯ ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಟ್ಟೆ. ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಬಾಗಿಲಲ್ಲಿ ಜನ ಕಾಯುತ್ತಿದ್ದರು, ಚಹಾ ಕುಡಿಯುತ್ತ ಕೂರಲು ಯಾರಿಗೆ ಪುರುಸೊತ್ತು?

ಅಂಥ ದಿನಗಳಲ್ಲಿ ಹುಲಿಗೆವ್ವ ಬಂದರು. ಕೂಡ್ಲಿಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು. ಅರವತ್ತರ ಹತ್ತಿರದ ವಯಸ್ಸು, ನೂರು ಮಕ್ಕಳಿಗೆ ಕೇಳಿಸುವ ದನಿ. ಕಾಗದಗಳನ್ನು ಒಂದು ಕೈಚೀಲದಲ್ಲಿ ತಂದಿದ್ದರು, ಅದೇ ಚೀಲದಲ್ಲಿ ಈ ಗುರೆಳ್ಳು ಪುಡಿಯ ಡಬ್ಬಿಯೂ ಇತ್ತು.

"ವೀಸಾ ಬರಾಕಿನ್ನೂ ದಿನ ಹಿಡೀತೈತಿ ದೊಡ್ಡವ್ವ, ಪುಡಿ ಈಗ್ಲೇ ಯಾಕ ಕುಟ್ಟೀರಿ?" ಎಂದೆ.

"ಕುಟ್ಟಿದ್ರ ಹೋದಂಗ ಅನ್ನಿಸ್ತೈತಿ ತಂಗೀ" ಎಂದರು.

ಮಗಳು ಪವಿತ್ರ ಐರ್ಲೆಂಡಿನಲ್ಲಿ ನರ್ಸು. ಈಗ ಆರು ತಿಂಗಳ ಬಸುರಿ, ಚೊಚ್ಚಲು. ಬಾಣಂತನಕ್ಕೆ ಇವರು ಹೋಗಬೇಕು. ಹೆರಿಗೆಗೆ ಮುಂಚೆಯೇ ಅಲ್ಲಿರಬೇಕು, ಒಂದು ದಿನ ತಡವಾದರೂ ಕೂಡದು ಎಂದು ಮೂರು ಸಲ ಹೇಳಿದರು. ತಾಯಂದಿರು ಹಾಗೆಯೇ ಹೇಳುವುದು ಎಂದುಕೊಂಡು ಟೈಪು ಮಾಡತೊಡಗಿದೆ. ಮಗಳ ಪಾಸ್‌ಪೋರ್ಟಿನ ಪ್ರತಿ ತಿರುವಿದಾಗ ಕೊನೆಯ ಪುಟದಲ್ಲಿ ತಾಯಿಯ ಹೆಸರು ರತ್ನಮ್ಮ ಎಂದಿತ್ತು.

"ಇದ್ಯಾರು ದೊಡ್ಡವ್ವ?"

"ನನ್ನ ತಂಗಿ. ಹೆತ್ತಾಕಿ ಆಕಿ. ಈಗಿಲ್ಲ." ಕೈಚೀಲ ಹತ್ತಿರಕ್ಕೆ ಎಳೆದುಕೊಂಡು, "ಬೆಳಸಿದಾಕಿ ನಾನ. ನಾನ ಅವ್ವ" ಎಂದರು.

ನನಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಿಮಗಾದರೂ ಕಾಣುತ್ತಿತ್ತೇ? ನಮ್ಮಲ್ಲಿ ತಂಗಿಯ ಮಗಳು ಎಂದರೆ ಮಗಳೇ. ಯಾರ ಹೊಟ್ಟೆಯಲ್ಲಿ ಹುಟ್ಟಿತು, ಯಾರ ಮಡಿಲಲ್ಲಿ ಬೆಳೆಯಿತು ಎಂದು ಮನೆಯೊಳಗೆ ಯಾರೂ ವಿಂಗಡಿಸಿ ಮಾತಾಡುವುದಿಲ್ಲ. ಸಂಬಂಧ ಎಂಬಲ್ಲಿ 'ತಾಯಿ' ಎಂದು ತುಂಬಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಊರಿನ ರೂಢಿ ಎನ್ನಬಹುದಿತ್ತು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಆ ಕೊನೆಯ ಪುಟ ನೋಡಿ ಪರದೇಶದವರಿಗೆ ಸುಮ್ಮನೆ ಗೊಂದಲವಾದೀತೆಂದು, ಬುದ್ಧಿವಂತಳಂತೆ, ಅದೊಂದನ್ನು ತೆಗೆದಿಟ್ಟು ಉಳಿದದ್ದನ್ನು ಕಳಿಸಿದೆ. ಹುಲಿಗೆವ್ವನಿಗೆ ಹೇಳಲೂ ಇಲ್ಲ.

ಐದು ವಾರಕ್ಕೆ ಉತ್ತರ ಬಂತು. ನಿರಾಕರಣೆ. ಮಗಳು ಆ ದೇಶಕ್ಕೆ ಹೋಗುವಾಗಲೇ ತನ್ನ ತಾಯಿ ರತ್ನಮ್ಮ, ಈಗ ಬದುಕಿಲ್ಲ ಎಂದು ಬರೆದುಕೊಟ್ಟಿದ್ದಳು. ಅದು ಅವರಲ್ಲಿ ಜೋಪಾನವಾಗಿತ್ತು. ಹಾಗಿದ್ದ ಮೇಲೆ ತಾಯಿ ಎಂದು ಅರ್ಜಿ ಹಾಕಿರುವ ಈ ಹೆಂಗಸು ಯಾರು? ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಹುಲಿಗೆವ್ವ ಬಂದು ಎದುರಿಗೆ ಕೂತಾಗ ನನ್ನ ಬಾಯಿಂದ ಬಂದದ್ದು ಬೇರೆ. "ಆ ದೇಶದೋರು ಹಂಗ ದೊಡ್ಡವ್ವ, ಏನರ ನೆಪ ತಗೀತಾರ" ಎಂದೆ. ಅವರು ಸಿಟ್ಟಾಗಲಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬೋರ್ಡು ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ, "ನಿನಗ ಕಲಿಸಿದೋರು ಹರಪನಹಳ್ಯಾಗ ಅದಾರ ಅಂದಿದ್ದೀಯಲ್ಲ. ಅವ್ರನ್ನ ಕೇಳೋಣು, ಏಳು" ಎಂದರು. ಬೈದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಏಳು ಎಂದರೆ ಏನು ಮಾಡುವುದು? ಅಂಗಡಿ ಮುಚ್ಚಿ ಅವರ ಹಿಂದೆ ಬಸ್ಸು ಹತ್ತಿದೆ. ಟಿಕೆಟ್ಟನ್ನೂ ಅವರೇ ತೆಗೆಸಿದರು.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ನಾನು ತೆಗೆದಿಟ್ಟ ಪುಟವನ್ನು ನನ್ನ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಆ ಕ್ಷಣದಲ್ಲಿ ಟೇಲರನ್ನು ಕರೆಸಿ ಮತ್ತೊಮ್ಮೆ ಅಳೆಸಿದ್ದರೆ ನಾನು ಎರಡು ಅಡಿಯೂ ಇರುತ್ತಿರಲಿಲ್ಲ. ಚಹಾ ಹೇಳಿ ಹುಲಿಗೆವ್ವನ ಕಡೆ ತಿರುಗಿದರು.

"ಅಕ್ಕಾರ, ಈ ಫಾರ್ಮಿನಾಗ ಬರಿಯಾಕ ಜಾಗ ಇಲ್ಲದ್ದು ಏನಾದ್ರೂ ಐತೇನ್ರಿ?"

"ಏನಿಲ್ರಿ."

ಚಹಾ ಬಂತು. ಸಾಹೇಬರು ತಟ್ಟೆಗೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಹುಲಿಗೆವ್ವನ ಲೋಟ ಹಾಗೆಯೇ ಇತ್ತು.

"ನನ್ನ ತಂಗಿ ಹೋಗಿದ್ದು ಬಾಣಂತನದಾಗ ರೀ" ಎಂದರು. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ಹೆತ್ತ ಮೂರನೇ ದಿನ. ನಾ ಅಲ್ಲಿರಲಿಲ್ಲ. ನಾಳೆ ಹೋದ್ರಾತು ಅಂತ ಮನ್ಯಾಗ ಉಳದಿದ್ದೆ. ಹೋದಾಗ ಬರೇ ಕೂಸಿತ್ತು. ಈ ಕೂಸಿನ ಹೆರಿಗಿಗಿ ನಾ ಇರಬೇಕ್ರಿ. ಅಷ್ಟ."

ಇದೇ ಮಾತು ನನ್ನ ಅಂಗಡಿಯಲ್ಲೇ, ಒಂದು ಚಹಾದಷ್ಟು ದೂರದಲ್ಲಿ, ಐದು ವಾರದ ಹಿಂದೆ ಕೂತಿತ್ತು. ನಾನು ಗೊಂದಲ ಎಂದು ತೆಗೆದಿಟ್ಟ ಆ ಪುಟದಲ್ಲೇ ಅವರು ಹೋಗಲೇಬೇಕಾದ ಕಾರಣ ಇತ್ತು.

"ಇದನ್ನ ಹಿಂಗ ಬರಿಯೋಣ" ಎಂದರು ಸಾಹೇಬರು.

"ಬ್ಯಾಡ್ರಿ. ಪವಿತ್ರಾಗ ಗೊತ್ತಿಲ್ಲ. ಜ್ವರ ಬಂದು ಹೋದ್ಲು ಅಂತ ಹೇಳೀವಿ. ಈಗ ತಿಳದ್ರ ಅಂಜ್ತಾಳ, ತುಂಬಿದ ಬಸುರಿ."

ಮಗಳನ್ನು ಕೇಳದೆ ಒಂದಕ್ಷರ ಬರೆಯುವುದಿಲ್ಲ ಎಂದು ಸಾಹೇಬರು ಫೋನು ಹಚ್ಚಿಸಿದರು. ಹುಲಿಗೆವ್ವ ಫೋನನ್ನು ಮುಖದಿಂದ ದೂರ ಹಿಡಿದುಕೊಂಡು, ಮಾತು ಸುತ್ತಿ ಬಳಸಿ, ನಿನ್ನ ಅವ್ವ ಇದ್ದಳಲ್ಲ, ಅದೇನಂದರೆ ಎಂದು ಒದ್ದಾಡಿದರು. ಆ ಕಡೆಯ ದನಿ ನಮಗೆಲ್ಲ ಕೇಳಿಸಿತು.

"ಅವ್ವಾ, ನನಗ ಗೊತ್ತೈತಿ. ನರ್ಸಿಂಗ್ ಓದುವಾಗ್ಲೇ ದವಾಖಾನಿ ಕಾಗದ ಹುಡುಕಿ ನೋಡೀನಿ. ನಿನಗ ನೋವಾಗ್ತೈತಿ ಅಂತ ಅಂದಿಲ್ಲ. ಅದಕ್ಕ ನಿನ್ನ ಕರಿಯಾಕತ್ತೀನಿ. ನೀ ಬಾ."

ಒಬ್ಬರಿಗೊಬ್ಬರು ನೋವಾಗಬಾರದೆಂದು ಇಬ್ಬರೂ ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದರು. ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಆರಿಹೋದ ಚಹಾ ಒಂದೇ ಗುಟುಕಿಗೆ ಕುಡಿದು, "ಬರೀರಿ" ಎಂದರು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಸಾಹೇಬರು ಇಂಗ್ಲಿಷಿಗೆ ಇಳಿಸಿದರು, ಒಂದು ಮಾತನ್ನೂ ಸಿಂಗರಿಸಲಿಲ್ಲ. ಆಮೇಲೆ ಖಾಲಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. "ಇನ್ನೊಂದು ಕಾಗದ ಐತಿ. ಅದನ್ನ ನೀ ಬರಿಬೇಕು." ಆ ಪುಟವನ್ನು ಬಿಟ್ಟವರು ಅರ್ಜಿದಾರರಲ್ಲ, ಅರ್ಜಿ ತುಂಬಿದ ನಾನು ಎಂದು ಬರೆದು ಸಹಿ ಹಾಕಿದೆ. ಬೋರ್ಡು ಇಳಿಸಬೇಕಾದೀತು ಎಂಬ ಹೆದರಿಕೆಗೆ ಸಹಿ ಸೊಟ್ಟಗಾಯಿತು. ಹುಲಿಗೆವ್ವನಿಗೆ ನಾನು ಮಾಡಿದ್ದು ತಿಳಿದದ್ದು ಆಗಷ್ಟೇ. ಬಸ್ಸಿನಲ್ಲಿ ಬರುವಾಗ ತಪ್ಪಾಯಿತು ಎಂದೆ. "ಎಸರಿಗಿ ಉಪ್ಪು ಹಾಕೋದು ಮರ್ತಿದ್ದಿ, ಈಗ ಹಾಕೀಯಲ್ಲ, ಬಿಡು" ಎಂದು ಕಿಟಕಿಯ ಕಡೆ ತಿರುಗಿದರು.

ಹೊಸ ಅರ್ಜಿಯ ಉತ್ತರ ಬರುವವರೆಗೆ ನಾನು ಸರಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಬಂತು. ಹೆರಿಗೆಗೆ ಹನ್ನೊಂದು ದಿನ ಮುಂಚೆ ಹುಲಿಗೆವ್ವ ಅಲ್ಲಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕರೆಸಿದವರು ಯಾರೆಂದು ಕೇಳಿದ್ದಕ್ಕೆ, ನಾನು ಕಲಿಸಿದ್ದೆಲ್ಲ ಮರೆತು, "ಸಿಸ್ಟರ್ ಡಾಟರ್, ಮೈ ಡಾಟರ್" ಎಂದರಂತೆ. ಆತ ನಕ್ಕು ಠಸ್ಸೆ ಒತ್ತಿದನಂತೆ. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಮೂರು ತಿಂಗಳಾದ ಮೇಲೆ ತಿರುಗಿ ಬಂದವರು ನೇರ ನನ್ನ ಅಂಗಡಿಗೆ ಬಂದು ಖಾಲಿ ಡಬ್ಬಿ ಮೇಜಿನ ಮೇಲಿಟ್ಟರು. "ನಿನ್ನ ಪಿನ್ನು ಇದರಾಗ ಇಟ್ಕೋ."

ಅಂದಿನಿಂದ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳದೆ ಬಿಟ್ಟಿಲ್ಲ. ಚಹಾದ ಅಂಗಡಿಯವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಇವತ್ತು ಪಿನ್ನು ಬೇಕಾದದ್ದು ಸಾಹೇಬರಿಗಾಗಿ. ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟಿದ್ದಾರೆ, ಕಣ್ಣು ಮಂಜಾಗಿದೆ, ಅರ್ಜಿ ತುಂಬಿಸಲು ನನ್ನ ಅಂಗಡಿಗೇ ಬಂದಿದ್ದರು. ಎತ್ತರ ಕೇಳುವ ಕಾಲಂ ಇಲ್ಲದ್ದಕ್ಕೆ ಬೇಜಾರು ಮಾಡಿಕೊಂಡರು. ಎಲ್ಲ ತುಂಬಿದ ಮೇಲೆ ಚಹಾ ತರಿಸಿ ಕೇಳಿದೆ.

"ಈ ಫಾರ್ಮಿನಾಗ ಬರಿಯಾಕ ಜಾಗ ಇಲ್ಲದ್ದು ಏನಾದ್ರೂ ಐತೇನ್ರಿ?"

ಅವರು ನಕ್ಕರು. ತಟ್ಟೆಗೆ ಚಹಾ ಬಗ್ಗಿಸಿಕೊಂಡರು. ಅರ್ಧ ಕುಡಿದು ಕೆಳಗಿಟ್ಟರು.

"ಕುವೈತಿಗೆ ಮೊದ್ಲು ಹೋದಾಗ ನನ್ನ ಫಾರ್ಮು ಒಬ್ಬ ಏಜೆಂಟ್ ತುಂಬಿದ್ದ. ನನಗ ಓದಾಕ ಬರ್ತಿರಲಿಲ್ಲ. ಅವಸರದಾಗ ನನ್ನ ಮುಂದಿನೋನ ಫಾರ್ಮು ನೋಡಿ ಹಂಗೇ ಬರ್ಕೊಂಡು ಹೋದ. ಆತಗ ತಾಯಿ ಇರಲಿಲ್ಲ. ನನಗೂ ಇಲ್ಲ ಅಂತ ಬರದ. ನಾಲ್ಕು ವರ್ಷದ ಮ್ಯಾಲೆ ಅಮ್ಮಾ ತೀರಿಕೊಂಡ್ಲು ಅಂತ ತಂತಿ ಬಂತು. ರಜೆ ಕೇಳಿದೆ. ಕಂಪನಿ ಸಾಹೇಬ ನನ್ನ ಫೈಲು ತೆಗೆದು ತೋರಿಸಿದ. ಅದ್ರಾಗ ಆಕಿ ಮೊದ್ಲೇ ತೀರಿಕೊಂಡಿದ್ಲು."

ಎಬಿಸಿಡಿ ಕಲಿಯಲು ಅವರು ಕೂತದ್ದು ಆ ವಾರದಿಂದಲಂತೆ. ಈ ಉಮ್ರಾ ಕೂಡ ಆಕೆಯ ಹೆಸರಿನಲ್ಲೇ.

"ಬರ್ಕೊಳ್ಳಾಕ ಜಾಗ ಇಲ್ಲ ಬಿಡು" ಎಂದರು. "ಇಷ್ಟು ಮಂದೀನ ನಾ ಕೇಳಿದೆ, ನನ್ನ ಯಾರೂ ಕೇಳಿರಲಿಲ್ಲ."

ನಾನು ಮಾತಾಡಲಿಲ್ಲ. ಅವರ ತಟ್ಟೆಯಲ್ಲಿ ಇನ್ನೂ ಚಹಾ ಇತ್ತು.