ಹಳದಿ ಬಾಲದ ಇಲಿ

ಎಂಬತ್ತರ ದಶಕದಲ್ಲಿ ನನ್ನ ಗಂಡನಿಗೆ ನಾಗಪುರದ ರೈಲ್ವೆಯಲ್ಲಿ ಕೆಲಸ. ನಾನು ನಾಲ್ಕನೇ ಇಯತ್ತೆವರೆಗೆ ಓದಿದವಳು. ಔಷಧ ಕಾಲೇಜೊಂದರಲ್ಲಿ ಪ್ರಯೋಗದ ಇಲಿಗಳ ಪಂಜರ ತೊಳೆಯುತ್ತಿದ್ದೆ. ಒಂದು ಬೇಸಿಗೆಯಲ್ಲಿ ಅಲ್ಲಿ ಅಮೃತಬಳ್ಳಿಯ ಪರೀಕ್ಷೆ ನಡೆದಿತ್ತು. ಇಲಿಗಳಿಗೆ ಕ್ಯಾನ್ಸರ್ ಗಂಟು ಬರಿಸಿ, ಕೆಲವಕ್ಕೆ ಬಳ್ಳಿಯ ರಸ ಕುಡಿಸುತ್ತಿದ್ದರು. ರಸ ಕುಡಿದವುಗಳ ಬಾಲಕ್ಕೆ ಗುರುತಿಗೆಂದು ಹಳದಿ ಬಣ್ಣ.

ಅದೇ ಬೇಸಿಗೆಯಲ್ಲಿ ಅಕ್ಕ ಗದಗಿನಿಂದ ನಮ್ಮ ಮನೆಗೆ ಬಂದಳು. ಎದೆಯಲ್ಲಿ ಗಂಟು. ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಲು ಶುರು ಮಾಡಿದ್ದರು. ಎಲ್ಲಿ ಕೊಡಬೇಕೆಂದು ಎದೆಯ ಮೇಲೆ ನೇರಳೆ ಗೆರೆ ಎಳೆದು, ಮುಗಿಯುವವರೆಗೆ ನೀರು ತಾಗಿಸಬೇಡಿ ಎಂದಿದ್ದರು. ಚರ್ಮ ಸುಟ್ಟು ಕಪ್ಪಾಗುತ್ತಿತ್ತು. ರವಿಕೆ ತೊಡಲಾಗದೆ ಕೂಲರ್ ಮುಂದೆ ಸೀರೆ ಹೊದ್ದು ಅಳುತ್ತ ಕೂತಿರುತ್ತಿದ್ದಳು.

ಒಂದು ಸಂಜೆ ಓಡಿಬಂದು ಹೇಳಿದೆ, "ಅಕ್ಕಾ, ಒಂದ ಇಲಿ ಗಂಟು ಕರಗೇತಿ. ಮುಟ್ಟಿದ್ರ ಸಿಗವಲ್ದು."

"ಯಾವ ಔಷಧಕ್ಕ?"

"ಅಮೃತಬಳ್ಳಿ. ನಮ್ಮ ಕ್ವಾರ್ಟರ್ಸ್ ಹಿಂದ ಬೇವಿನ ಗಿಡಕ್ಕ ಹಬ್ಬೈತಲ್ಲ, ಅದ."

ಒಂದು ಇಲಿಯಿಂದ ಏನೂ ತಿಳಿಯುವುದಿಲ್ಲ, ಮನುಷ್ಯರ ಮಾತಂತೂ ದೂರ ಎಂದು ಪರೀಕ್ಷೆ ನಡೆಸುತ್ತಿದ್ದ ಸಾಹೇಬರು ಹೇಳಿದ್ದರು. ಅದನ್ನು ನಾನು ಹೇಳಲಿಲ್ಲ. ಅಕ್ಕನ ಮುಖ ಅರಳಿತ್ತು.

"ಹಂಗಾರ ನನಗೂ ಒಂದ ಬಾಲ ಹಚ್ಚು. ಕರೆಂಟ್ ಸಾಕವಾ," ಎಂದು ನಕ್ಕಳು.

"ಇಲಿ ತೊಳಿಯಾಕಿ ಡಾಕ್ಟರ್ ಆದ್ಲು," ಎಂದ ನನ್ನ ಗಂಡ.

ಮರುದಿನದಿಂದ ಆಸ್ಪತ್ರೆ ಬಿಟ್ಟು ಬಳ್ಳಿಯ ಕಷಾಯ. ಆ ನೇರಳೆ ಗೆರೆಗಳನ್ನು ನಾನೇ ಸೋಪು ಹಚ್ಚಿ, ನೋಯದ ಹಾಗೆ ತೊಳೆದೆ. ಎಷ್ಟೋ ದಿನದ ಮೇಲೆ ಅವಳು ಎದೆಗೆ ನೀರು ಬೀಳಿಸಿಕೊಂಡಿದ್ದಳು. ಕಣ್ಣು ಮುಚ್ಚಿ ಕೂತಿದ್ದಳು.

ಕೆಲವು ವಾರಗಳಲ್ಲಿ ಆ ಇಲಿಯ ಗಂಟು ಮತ್ತೆ ಎದ್ದಿತು. ಒಂದು ಬೆಳಿಗ್ಗೆ ಪಂಜರದ ಹೊಟ್ಟಿನಲ್ಲಿ ಸತ್ತು ಬಿದ್ದಿತ್ತು. ಹಳದಿ ಬಾಲದ ಉಳಿದವೂ ಒಂದೊಂದಾಗಿ ಹೋದವು. ಬೇರೆ ಇಲಿ ತರಿಸಿ ಮತ್ತೆ ನೋಡೋಣ ಎಂದರು ಸಾಹೇಬರು.

ಮನೆಗೆ ಬಂದರೆ ಅಕ್ಕ ಕೇಳಿದಳು, "ನನ್ನ ಜೋಡಿ ಇಲಿ ಹೆಂಗೈತಿ?"

"ಚಲೋ ಐತಿ," ಎಂದೆ.

ಅಂದು ನಿಜ ಹೇಳಿದ್ದರೆ ಅವಳು ಮರುದಿನವೇ ಆಸ್ಪತ್ರೆಗೆ ಹೋಗುತ್ತಿದ್ದಳು. ಗೆರೆ ಅಳಿಸಿದವಳು ನಾನಲ್ಲವೇ? ಆ ಹೆದರಿಕೆಗೆ ಬಾಯಿ ಬಿಡಲಿಲ್ಲ. ಕಷಾಯ ಕುದಿಸುತ್ತಲೇ ಹೋದೆ.

ಮಳೆಗಾಲದಲ್ಲಿ ಅವಳಿಗೆ ಉಸಿರು ಕಟ್ಟತೊಡಗಿದ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಇಷ್ಟು ದಿನ ಎಲ್ಲಿದ್ದಿರಿ ಎಂದು ಡಾಕ್ಟರು ನನ್ನನ್ನು ಬೈದರು. ಗೆರೆ ಮತ್ತೆ ಎಳೆಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರು.

ತೀರಿಹೋಗುವ ಮುಂಚೆ ಒಂದು ಮಧ್ಯಾಹ್ನ ಅಕ್ಕ ತಾನಾಗಿಯೇ ಕೇಳಿದಳು, "ನಿನ್ನ ಇಲಿ?"

"ಮರಿ ಹಾಕೇತಿ."

"ಹೌದಾ? ಬಾಣಂತನ ಯಾರ ಮಾಡಾಕತ್ತಾರ?"

"ನಾನ."

ಅವಳಿಗೆ ನಗಲು ಉಸಿರು ಸಾಲಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಮಾಡು. ನೀ ನೀರ ಚಲೋ ಎರಿತಿ," ಎಂದಳು. "ಆವತ್ತ ನನಗ ಎರದಂಗ."