ಹೋರಿ ಗೆದ್ದವನ ಅಮಾನತು

ನಮ್ಮ ಎಲ್ ಆಲ್ತೊ ಪಟ್ಟಣದಲ್ಲಿ ಬೆಳಬೆಳಗ್ಗೆ ಮೈದಾನದ ಸುತ್ತ ಒಬ್ಬನೇ ಓಡುವವನನ್ನು ಕಂಡರೆ ಜನ ಎರಡರಲ್ಲಿ ಒಂದು ಅಂದುಕೊಳ್ಳುತ್ತಾರೆ: ಒಂದೋ ಇವನಿಗೆ ಸಕ್ಕರೆ ಕಾಯಿಲೆ, ಇಲ್ಲವೇ ಯಾವುದೋ ತಂಡ ಇವನನ್ನು ಹೊರಗೆ ಹಾಕಿದೆ. ರೊಮುಲೊ ಚಂಬಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ವಯಸ್ಸು ಮೂವತ್ನಾಲ್ಕು. ಹುಡುಗನಾಗಿದ್ದಾಗಿನಿಂದ ಫುಟ್‌ಬಾಲೇ ಅವನ ಹೊಟ್ಟೆಪಾಡು. ಎಡಗಡೆ ಕಾಯುವ ಆಟಗಾರ, ಅಂದರೆ ಗೋಲು ತಡೆದರೆ ಯಾರೂ ನೆನಪಿಡುವುದಿಲ್ಲ, ಬಿಟ್ಟರೆ ಊರಿಗೆ ಊರೇ ಬೈಯುತ್ತದೆ, ಅಂಥ ಜಾಗ. ಅವನ ಹೆಸರು ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದು ಒಂದೇ ಸಲ, ಅದೂ ಕ್ಲಬ್ಬಿನವರು ಅಮಾನತು ಮಾಡಿದಾಗ. ಕುಡಿದು ಗಲಾಟೆ ಮಾಡಿದನೇ? ಇಲ್ಲ. ದುಡ್ಡು ತಿಂದು ಪಂದ್ಯ ಸೋತನೇ? ಅದೂ ಇಲ್ಲ. ತನ್ನ ಊರಿಗೆ ಹೋಗಿ ಒಂದು ಹೋರಿ ಗೆದ್ದುಕೊಟ್ಟ, ಅಷ್ಟೇ.

ಅವನೂರು ಚಿಯಾರ್ ಪಾತಾ. ಸಂತನ ಹಬ್ಬಕ್ಕೆ ಅಲ್ಲಿ ಸುತ್ತಲ ಹಳ್ಳಿಗಳು ಸೇರಿ ಫುಟ್‌ಬಾಲ್ ಆಡುತ್ತವೆ, ಗೆದ್ದ ಊರಿಗೆ ಹೋರಿ. ಕಾಲುವೆ ಹೂಳೆತ್ತಲು ಮನೆಮನೆಗೆ ಸರದಿ ಇರುವ ಹಾಗೆ ಆಟಕ್ಕೂ ಸರದಿ. ಪಟ್ಟಣ ಸೇರಿ ಮೂರಂತಸ್ತು ಕಟ್ಟಿಸಿದವನಾದರೂ ಸರಿ, ಸರದಿ ಬಂದಾಗ ಬರಬೇಕು. ಬಾರದ ಮನೆಯ ಹೊಲಕ್ಕೆ ನೀರು ಬಿಡುವಾಗ ಊರಿಗೆ ಮರೆವು ಬರುತ್ತದೆ. ಆ ವರ್ಷ ಚಂಬಿ ಮನೆಯ ಸರದಿ. ಹೊಲದಲ್ಲಿ ಆಲೂಗಡ್ಡೆ ಹಾಕಿಕೊಂಡಿದ್ದವಳು ಅಕ್ಕ ಫೋರ್ತುನಾತಾ. ಕ್ಲಬ್ಬಿನ ಕರಾರಿನಲ್ಲಿ ಬೇರೆ ಕಡೆ ಆಡಬಾರದು ಎಂದಿರುವುದು ರೊಮುಲೊಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಕಾಲುವೆ ಹೂಳೆತ್ತಲು ಹೋಗುವವನು ಕ್ಲಬ್ಬಿನ ಅಪ್ಪಣೆ ಕೇಳುತ್ತಾನೆಯೇ? ಊರ ಆಟ ಅವನ ಲೆಕ್ಕದಲ್ಲಿ ಆಟವೇ ಅಲ್ಲ, ಊರ ಕೆಲಸ. ಈ ತಪ್ಪು ನಮ್ಮವರನ್ನು ಬಿಟ್ಟು ಬೇರೆ ಯಾರೂ ಮಾಡಲಾರರು.

ಪಟ್ಟಣದಲ್ಲಿ ಹಿಂದೆ ನಿಂತು ಕಾಯುವವನು ಅಲ್ಲಿ ಮುಂದೆ ನುಗ್ಗಿದ. ಮೂರು ಗೋಲು ಹೊಡೆದ. ಪಾದ ಬೂದುಗುಂಬಳದ ಹಾಗೆ ಊದಿಕೊಂಡಿತು. ಮೆಟ್ಟಿಲಲ್ಲಿ ಜಾರಿಬಿದ್ದೆ ಎಂದು ಕ್ಲಬ್ಬಿನ ಡಾಕ್ಟರಿಗೆ ಹಸಿ ಸುಳ್ಳು ಹೇಳಿದ. ಅದಾದರೂ ದಕ್ಕುತ್ತಿತ್ತೇನೋ. ಆದರೆ ನಮ್ಮ ಜನರ ಕೈಗೆ ಮೈಕು ಸಿಕ್ಕರೆ ಮುಗಿಯಿತಲ್ಲ! ಆ ವರ್ಷದ ಊರ ಹಿರಿಯ ಕಾಸಿಯಾನೊ ಮೈಕು ಹಿಡಿದು, ಕ್ಲಬ್ಬಿನ ಹೆಸರು, ಅಂಗಿಯ ನಂಬರು ಎಲ್ಲ ಸೇರಿಸಿ, 'ನಮ್ಮ ಮಗ, ನಮ್ಮ ರೊಮುಲೊ!' ಎಂದು ಕೂಗಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ವಾರ ಕಳೆಯುವುದರೊಳಗೆ ಅದು ಕ್ಲಬ್ಬಿನ ಅಧ್ಯಕ್ಷ ದೋನ್ ಎರ್ನಾನ್ ಕೈಗೆ ಬಂತು.

ಅಂದಿನಿಂದ ರೊಮುಲೊ ಒಬ್ಬನೇ ಓಡುತ್ತಿದ್ದ. ಓಡಿ ಮುಗಿಸಿ ಹೆಂಡತಿ ನಿಕೊಲಾಸಾಳ ಗಾಡಿಯ ಹತ್ತಿರ ಹೋಗಿ ಕೂರುವನು. ಅವಳು ಬಸ್ ನಿಲ್ದಾಣದ ಎದುರು ನೇರಳೆ ಜೋಳದ ಬಿಸಿ ಆಪಿ ಮಾರುತ್ತಿದ್ದಳು. ಒಂದು ಲೋಟ ತುಂಬಿ ಗಂಡನ ಕೈಗಿಟ್ಟು ಕೇಳುವಳು.

"ಏನಂದ್ರು?"

"ನೋಡೋಣ ಅಂದ್ರು."

"ನೋಡೋಣ, ನೋಡೋಣ! ಇಷ್ಟು ದಿನ ಏನು ಕಣ್ಣು ಮುಚ್ಕೊಂಡಿದ್ರಾ? ನೀನೊಬ್ಬ, ಹೋಗಿ ಬಾಗಿಲಲ್ಲಿ ನಿಂತ್ಕೊಂಡು ಟೋಪಿ ತಿರುಗಿಸ್ತಾ ಇರು. ಬಾಯಿ ಬಿಟ್ಟು ಕೇಳೋದು ಕಲಿ."

ಅವಳು ಬೈಯುವುದು ಸುಮ್ಮನೆ ಅಲ್ಲ. ಆಟಗಾರರ ನೋಂದಣಿ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಈ ಸಲ ಹೆಸರು ಸೇರದಿದ್ದರೆ ಆ ವಯಸ್ಸಿನವನನ್ನು ಮತ್ತೆ ಯಾರು ಕರೆದು ಮಣೆ ಹಾಕುತ್ತಾರೆ? ರೊಮುಲೊಗೆ ದೊಡ್ಡ ಆಸೆ ಏನಿರಲಿಲ್ಲ. ಇನ್ನೊಂದು ವರ್ಷ ಆಡಿ, ಮೈದಾನದಲ್ಲಿ ನಿಂತು ಕೈಬೀಸಿ, ತಾನಾಗಿ ಹೊರಗೆ ಬರಬೇಕು. ಕಳ್ಳನ ಹಾಗೆ ಹಿಂಬಾಗಿಲಿಂದ ಅಲ್ಲ. ಅದೊಂದಕ್ಕಾಗಿ ಅವನು ಅಧ್ಯಕ್ಷರ ಬಾಗಿಲು ಸವೆಸಿದ್ದ. ಸಾಕಾಗಿಹೋಗಿತ್ತು. ನಿದ್ದೆ ಮಾಡಿದರೂ ಹೋಗದ ದಣಿವು ಅದು.

ಕೊನೆಗೊಂದು ದಿನ ದೋನ್ ಎರ್ನಾನ್ ಅವನನ್ನು ಒಳಗೆ ಕರೆದರು. ಲಾರಿಗಳ ಮಾಲೀಕರು, ಕೆಟ್ಟವರೇನಲ್ಲ.

"ನೋಡಪ್ಪ ಚಂಬಿ, ನಿನ್ನ ಕಂಡ್ರೆ ನಂಗೂ ಪಾಪ ಅನ್ಸತ್ತೆ. ಆದ್ರೆ ಸುಮ್ನೆ ವಾಪಸ್ ತಗೊಂಡ್ರೆ ನಾಳೆ ಹುಡುಗರೆಲ್ಲ ಅವರವರ ಊರಿಗೆ ಹೋರಿ ಗೆಲ್ಲೋಕೆ ಹೊರಡ್ತಾರೆ. ಕಮಿಟಿಗೆ ಹೇಳೋಕೆ ನಂಗೊಂದು ಕಾರಣ ಬೇಕು. ಊರವರು ಬಲವಂತ ಮಾಡಿದ್ರು, ನಿಂಗೆ ಬೇರೆ ದಾರಿ ಇರ್ಲಿಲ್ಲ ಅಂದ್ರೆ ಆಯ್ತು. ನಿಮ್ಮ ಊರಿನ ಹಿರಿಯರನ್ನ ಕರ್ಕೊಂಡು ಬಾ, ಅವರ ಬಾಯಲ್ಲಿ ಇಷ್ಟು ಹೇಳಿಸು. ಸಾಕು."

ರೊಮುಲೊ ಊರಿಗೆ ಹೋದ. ಕಾಸಿಯಾನೊ ಅಂಗಳದಲ್ಲಿ ಕುರಿಯ ಉಣ್ಣೆ ಬಿಡಿಸುತ್ತ ಕೂತಿದ್ದರು. 'ನೀವು ಬಲವಂತ ಮಾಡಿದಿರಿ ಅಂತ ಹೇಳಿ' ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಹೇಗೆ ಏಳುತ್ತದೆ? ಅಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರು ಅವರು.

"ನನ್ನ ಪರವಾಗಿ ಬಂದು ಎರಡು ಮಾತು ಆಡಿ, ತಾತ" ಎಂದಷ್ಟೇ ಹೇಳಿದ.

"ಅಯ್ಯೋ, ಎರಡೇ ಯಾಕೋ? ಇಪ್ಪತ್ತು ಆಡ್ತೀನಿ!" ಎಂದರು ಮುದುಕ.

ಹೇಳಿದ ದಿನ ಕಾಸಿಯಾನೊ ಕ್ಲಬ್ಬಿಗೆ ಬಂದೇ ಬಂದರು. ಮೈಮೇಲೆ ಕೆಂಪು ಪೊಂಚೊ ಕಂಬಳಿ, ಹೆಗಲಿಗೆ ಅಡ್ಡ ಹಿರಿಯನ ಚಾಟಿ, ಬೆನ್ನ ಮೇಲೆ ಬಣ್ಣದ ಬಟ್ಟೆಯ ಗಂಟು. ಆ ಚಾಟಿ ಹೊಡೆಯಲು ಅಲ್ಲ. ಅದು ಹೆಗಲ ಮೇಲಿರುವ ಒಂದು ವರ್ಷ ಅವರು ಸುಳ್ಳಾಡುವಂತಿಲ್ಲ, ಕುಡಿದು ಬೀಳುವಂತಿಲ್ಲ, ಯಾರ ಮನೆಗೂ ಬರಿಗೈಯಲ್ಲಿ ಹೋಗುವಂತಿಲ್ಲ. ಕಮಿಟಿಯ ನಾಲ್ವರು ಮೇಜಿನ ಹಿಂದೆ ಕೂತಿದ್ದರು. ಕಾಸಿಯಾನೊ ಒಬ್ಬೊಬ್ಬರ ಕೈಯನ್ನೂ ಮುಟ್ಟಿ ನಮಸ್ಕರಿಸಿ, ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದರು. ಒಣಗಿಸಿದ ಮಾಂಸದ ಪಟ್ಟಿಗಳು, ಜೊತೆಗೆ ಒಂದು ಗಿಣ್ಣಿನ ಗಟ್ಟಿ. ಕೋಣೆಯೆಲ್ಲ ಉಪ್ಪುಮಾಂಸದ ವಾಸನೆ ಹಿಡಿಯಿತು.

"ತಗೊಳ್ಳಿ ಸ್ವಾಮಿ. ನಮ್ಮ ರೊಮುಲೊ ಗೆದ್ದನಲ್ಲ, ಅದೇ ಹೋರಿದು. ನಿಮ್ಮ ಪಾಲು ಅಂತ ಎತ್ತಿಟ್ಟಿದ್ವಿ. ನೀವು ಸಾಕಿದ ಆಟಗಾರ ಅಲ್ವಾ!"

ಒಬ್ಬ ಕಿಸಕ್ಕೆಂದ. ದೋನ್ ಎರ್ನಾನ್ ಹಣೆ ಒತ್ತಿಕೊಂಡರು. ರೊಮುಲೊಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

"ಸರಿ ಯಜಮಾನ್ರೇ" ಎಂದರು ದೋನ್ ಎರ್ನಾನ್ ಮೆಲ್ಲಗೆ. "ನೀವು ಇವನಿಗೆ ಬಲವಂತ ಮಾಡಿದ್ರಿ, ಅಲ್ವಾ? ಬರದಿದ್ರೆ ನೀರು ಕೊಡಲ್ಲ, ಹಾಗೆ ಹೀಗೆ ಅಂತ?"

"ಬಲವಂತಾನಾ?" ಮುದುಕ ಎದೆ ಸೆಟೆಸಿದರು. "ಈ ಹುಡುಗನಿಗಾ? ಯಾವ ಬಾಯಲ್ಲಿ ಹೇಳಲಿ ಸ್ವಾಮಿ! ಹಬ್ಬಕ್ಕೆ ಎರಡು ದಿನ ಮುಂಚೇನೇ ಬಂದ. ಮೈದಾನದ ಕಲ್ಲು ಇವನೇ ಆರಿಸಿದ. ಕಾಲು ಊದಿದೆ, ಹೊರಗೆ ಬಾರೋ ಅಂತ ನಾನೇ ಕೂಗ್ಕೊಂಡೆ. ಕೇಳ್ತಾನಾ? ಆಮೇಲೇ ಮೂರನೇ ಗೋಲು ಹೊಡ್ದಿದ್ದು!"

ಇಷ್ಟು ಹೇಳಿ, ಕೆಲಸ ಮುಗಿಸಿದವರ ಹಾಗೆ ನಗುತ್ತ ರೊಮುಲೊ ಕಡೆ ನೋಡಿದರು. ಅವರ ಬಾಯಿಂದ ಬಂದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ದೋನ್ ಎರ್ನಾನ್ ಪಕ್ಕದವರ ಮುಖ ನೋಡಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ಹೇಳಿದರು: "ಚಂಬಿ, ಯಜಮಾನ್ರಿಗೆ ವಯಸ್ಸಾಗಿದೆ, ನೆನಪು ಹಿಂದುಮುಂದು ಆಗಿರಬಹುದು. ನೀನೇ ಹೇಳಿಬಿಡು. ಬಲವಂತ ಮಾಡಿದ್ರೋ ಇಲ್ವೋ? ಹೂಂ ಅಂದ್ರೆ ನಾಳೆಯಿಂದ ಪ್ರಾಕ್ಟೀಸಿಗೆ ಬಾ."

ರೊಮುಲೊ ಬೆಳಗಿನ ಖಾಲಿ ಮೈದಾನ ನೆನೆದ. ಆಪಿಯ ಹಂಡೆ ಕಲಕಿ ಕಲಕಿ ಬಾತುಹೋದ ನಿಕೊಲಾಸಾಳ ಮಣಿಕಟ್ಟು ನೆನೆದ. ಎಷ್ಟು ದಿನ ಅಂತ ಬಾಗಿಲಲ್ಲಿ ನಿಲ್ಲುವುದು? ಒಂದು ಮಾತು, ಹೇಳಿ ಮುಗಿಸಿದರಾಯಿತು. ಮುದುಕನ ಕಡೆ ತಿರುಗದೆ ಹೇಳಿದ.

"ಹೌದು, ಬಲವಂತ ಮಾಡಿದ್ರು. ಬರದಿದ್ರೆ ಹೊಲಕ್ಕೆ ನೀರು ಬಿಡಲ್ಲ ಅಂತ ಇವರೇ ಹೇಳಿ ಕಳಿಸಿದ್ರು."

ಕಾಸಿಯಾನೊ ಮಾಂಸವನ್ನು ಮೇಜಿನ ಮೇಲೇ ಬಿಟ್ಟರು. ಗಂಟಿನ ಬಟ್ಟೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡರು. ಕಮಿಟಿಯವರು ಒಬ್ಬೊಬ್ಬರಾಗಿ ಎದ್ದು ರೊಮುಲೊನ ಕೈಕುಲುಕಿದರು. ಅಮಾನತು ರದ್ದಾಯಿತು.

ಇಬ್ಬರೂ ಕೆಳಗೆ ಬೀದಿಗೆ ಬಂದರು. ಊರ ಬಸ್ಸಿಗಿನ್ನೂ ಹೊತ್ತಿತ್ತು. ಕಾಸಿಯಾನೊ ಕಟ್ಟೆಯ ಮೇಲೆ ಕೂತು, ಸೊಂಟದ ಚೀಲದಿಂದ ಜಗಿಯಲು ಒಂದು ಹಿಡಿ ಕೋಕಾ ಎಲೆ ತೆಗೆದು ಚಾಚಿದರು. ರೊಮುಲೊ ಎರಡೂ ಕೈಯೊಡ್ಡಿ ತೆಗೆದುಕೊಂಡ.

"ತಾತ, ಅದು..."

"ಬಿಡು ಮಗ. ನಿಂಗೂ ಸಂಸಾರ ಇದೆ. ನಂಗೆ ಸಿಟ್ಟಿಲ್ಲ." ಮುದುಕ ಎಲೆಯೊಂದನ್ನು ಸವರಿ ಬಾಯಿಗಿಟ್ಟುಕೊಂಡರು. "ಆದ್ರೆ ಚಾಟಿ ಹೆಗಲ ಮೇಲಿದೆ. ಸಭೇಲಿ ಕೇಳ್ತಾರೆ, ನಡೆದದ್ದನ್ನ ಹೇಳ್ಬೇಕು."

"ಹೇಳಿ."

"ಬಲವಂತ ಮಾಡಿದ್ರು ಅಂತ ಒಬ್ಬ ನಾಲ್ಕು ಜನರ ಮುಂದೆ ಅಂದ್ಮೇಲೆ ಊರು ಅವನನ್ನ ಕರೆಯೋ ಹಾಗಿಲ್ಲ. ನಿಂಗೂ ಗೊತ್ತು. ಆಟಕ್ಕೂ ಇಲ್ಲ, ಕಾಲುವೆಗೂ ಇಲ್ಲ, ಸಾವಿಗೂ ಇಲ್ಲ. ಅಕ್ಕನ ಹೊಲಕ್ಕೇನೂ ಆಗಲ್ಲ ಬಿಡು, ನಿನ್ನ ಸರದಿ ಅವಳ ಮಗನ ಹೆಸರಿಗೆ ಹೋಗತ್ತೆ. ಒಳ್ಳೇ ಕಾಲಿದೆ ಹುಡುಗನಿಗೆ."

"ಎಷ್ಟು ದಿನಕ್ಕೆ ತಾತ?" ರೊಮುಲೊ ಕೇಳಿದ.

"ಅದಕ್ಕೆಲ್ಲ ದಿನ ಅಂತ ಇಲ್ಲಪ್ಪ" ಎಂದರು ಕಾಸಿಯಾನೊ. ಅವರ ದನಿಯಲ್ಲಿ ನಿಜಕ್ಕೂ ಕರುಣೆ ಇತ್ತು, ಅದೇ ಅವನನ್ನು ಕೊಂದಿತು. ಬಯ್ದಿದ್ದರೆ, ಉಗಿದಿದ್ದರೆ ತಡೆದುಕೊಳ್ಳುತ್ತಿದ್ದ. ಮುದುಕ ಅವನ ತಲೆ ಸವರಿ ಬಸ್ ಹತ್ತಿದರು. ಕಿಟಕಿಯಿಂದ ಕೈಯನ್ನೂ ಬೀಸಿದರು.

ಗಾಡಿಯ ಹತ್ತಿರ ಹೋದಾಗ ನಿಕೊಲಾಸಾ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದವಳು ಹಾಗೇ ನಿಂತಳು.

"ಏನಂದ್ರು? ಹೇಳೋ ಮಾರಾಯ, ನನ್ನ ಜೀವ ತಿನ್ಬೇಡ. ತಗೊಂಡ್ರಾ?"

"ತಗೊಂಡ್ರು."

ಅವಳು ಕಿರುಚಿಕೊಂಡು ಸೌಟು ಹಿಡಿದ ಕೈಯಲ್ಲೇ ಅವನನ್ನು ತಬ್ಬಿದಳು. ಸಂತನ ಹೆಸರು ಹೇಳಿ, ಮುಂದಿನ ಹಬ್ಬಕ್ಕೆ ಊರಿಗೆ ಹೋಗಿ ಮೊಂಬತ್ತಿ ಹಚ್ಚಿ ಬರೋಣ ಎಂದಳು. ರೊಮುಲೊ ಅವಳ ಹೆಗಲ ಮೇಲೆ ಮುಖವಿಟ್ಟು, ಮೈಯೆಲ್ಲ ಕುಲುಕುವ ಹಾಗೆ ಅತ್ತ.

"ನೋಡ್ರೇ, ಇಷ್ಟು ದೊಡ್ಡ ಗಂಡಸು, ಖುಷಿಗೆ ಹೇಗೆ ಅಳ್ತಾನೆ!" ಎಂದು ಪಕ್ಕದ ಗಾಡಿಯವಳಿಗೆ ಹೇಳುತ್ತ ನಿಕೊಲಾಸಾ ಅವನ ಬೆನ್ನು ತಟ್ಟುತ್ತಿದ್ದಳು.