ಕಳಿಸದೆ ಇಟ್ಟುಕೊಂಡ ವಿಡಿಯೊಗಳು

ಅಮ್ಮನ ಬಲಗೈಯಿಂದ ಸೌಟು ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಹದಿನೆಂಟು ವರ್ಷ ಶಾಲೆಯ ಬಿಸಿಯೂಟಕ್ಕೆ ಸಾರು ಕಲಕಿದ ಕೈ ಅದು. ಸುಸ್ತಿರಬೇಕು ಎಂದುಕೊಂಡು ನಂಜನಗೂಡಿನಲ್ಲೇ ತೋರಿಸಿದೆವು. ಅವರು ಮೈಸೂರಿಗೆ ಕಳಿಸಿದರು. ಎಂಆರ್‌ಐ ಆಯಿತು.

ಬ್ರೈನ್ ಟ್ಯೂಮರ್. ಗ್ರೇಡ್ ಫೋರ್.

ಡಾಕ್ಟರ್ ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದರು: “ಮಾತು ಮೊದಲು ಹೋಗುತ್ತಮ್ಮ. ನೋಡಬೇಕಾದವರಿದ್ದರೆ ಈಗಲೇ ಕರೆಸಿಬಿಡಿ.”

ನೋಡಲೇಬೇಕಾದವರು ಒಬ್ಬರೇ. ಟಿ. ನರಸೀಪುರದಲ್ಲಿರುವ ಚಿಕ್ಕಮ್ಮ, ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ಆದರೆ ಅಮ್ಮ ಯಾರನ್ನೂ ಕರೆಸಲು ಬಿಡಲಿಲ್ಲ. ನಮ್ಮ ಕಡೆ ಕಾಯಿಲೆಯವರ ಮನೆಗೆ ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ನೆಂಟರು ಬರತೊಡಗಿದರೆ ಬೀದಿಯವರೆಲ್ಲ ದಿನ ಎಣಿಸಲು ಶುರುಮಾಡುತ್ತಾರೆ.

“ನೋಡೋಕೆ ಬರೋರು ಸಾಲು ಕಟ್ಟುದ್ರೆ ನಾನು ಸತ್ತಂಗೇ ಕಣವ್ವ. ವಿಡಿಯೊ ಮಾಡಿ ಕಳ್ಸು, ಸಾಕು,” ಎಂದಳು. ಸೊಟ್ಟಗಾದ ಬಲಗಡೆ ಮುಖ ಅದರಲ್ಲಿ ಬರಬಾರದು ಎಂಬ ಷರತ್ತು ಬೇರೆ.

ನನಗೂ ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಡೈಪರ್, ಸಿರಿಂಜಿನಲ್ಲಿ ಗಂಜಿ, ರೇಡಿಯೇಷನ್‌ಗೆ ಮೈಸೂರಿನ ಓಡಾಟ. ಬಂದವರಿಗೆಲ್ಲ ಕಾಫಿ ಕಾಯಿಸಿ, ಅವರು ಅತ್ತರೆ ಸಮಾಧಾನವನ್ನೂ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ದಿನಕ್ಕೆ ಐದಾರು ವಿಡಿಯೊ ತೆಗೆಯುತ್ತಿದ್ದೆ. ಒಂದನ್ನು ಆರಿಸಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ಇಡ್ಲಿ ತಿಂದದ್ದು. ನಕ್ಕದ್ದು. ಮೂವತ್ತು ಸೆಕೆಂಡು ದಾಟಿದರೆ ಮಾತು ತೊದಲುವುದು ಗೊತ್ತಾಗುತ್ತಿತ್ತು, ಅಷ್ಟರೊಳಗೆ ನಿಲ್ಲಿಸುತ್ತಿದ್ದೆ. ಹಾಕಿದ ಕೂಡಲೇ ಕೈಮುಗಿದ ಚಿತ್ರಗಳು ಸಾಲಾಗಿ ಬೀಳುತ್ತಿದ್ದವು. ಅವನ್ನು ನೋಡಿ ನೋಡಿ ಅಮ್ಮ ಹುಷಾರಾಗುತ್ತಿದ್ದಾಳೆ ಎಂದು ನಾನೂ ನಂಬತೊಡಗಿದ್ದೆ.

ಚಿಕ್ಕಮ್ಮ ಫೋನ್ ಮಾಡಿ, ಅಕ್ಕ ಚೆನ್ನಾಗೇ ಇದ್ದಾಳಲ್ಲ, ಭತ್ತದ ಕುಯ್ಲು ಮುಗಿಸಿಕೊಂಡು ಬರುತ್ತೇನೆ ಎಂದರು. ಡಾಕ್ಟರ್ ಹೇಳಿದ್ದು ನಾಲಿಗೆ ತುದಿಯವರೆಗೂ ಬಂತು. ಹೂಂ ಎಂದು ಫೋನ್ ಇಟ್ಟೆ.

ಕುಯ್ಲು ಮುಗಿಯುವ ಹೊತ್ತಿಗೆ ಅಮ್ಮನ ಮಾತು ಪೂರ್ತಿ ನಿಂತಿತ್ತು.

ಚಿಕ್ಕಮ್ಮ ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತುಬಿಟ್ಟರು. ಮೊಬೈಲಿನಲ್ಲಿ ನೋಡಿದ ಅಕ್ಕ ಮಂಚದ ಮೇಲಿರಲಿಲ್ಲ. ಗಲ್ಲ ಹಿಡಿದು, ನಾನು ಪುಟ್ಟಿ ಕಣಕ್ಕ ಎಂದು ಎಷ್ಟು ಸಲ ಹೇಳಿದರೂ ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಚಿಕ್ಕಮ್ಮ ನನ್ನ ಕಡೆ ತಿರುಗಿದರು.

“ನಾನೇನು ಬೀದಿಯೋರ ಪೈಕಿನಾ? ನಂಗೂ ಅದ್ನೇ ತೋರ್ಸುದ್ಯಲ್ಲ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರು ವಾಪಸ್ ಹೋಗಲಿಲ್ಲ. ಅಕ್ಕನ ಮೈ ಒರೆಸಿದರು, ಮಲಗಿ ಮಲಗಿ ಆಗಿದ್ದ ಬೆಡ್‌ಸೋರ್‌ಗೆ ಡ್ರೆಸಿಂಗ್ ಮಾಡುವುದನ್ನು ಕಲಿತರು. ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ತುಂಬ ಉಂಡು ಮಲಗಿದೆ. ಹನ್ನೆರಡನೆಯ ದಿನ ಬೆಳಿಗ್ಗೆ ಅವರ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಅಮ್ಮ ಹೋದಳು.

ತಿಥಿ ಮುಗಿಸಿ ಹೊರಡುವಾಗ ಚಿಕ್ಕಮ್ಮ ಕೇಳಿದ್ದು ಒಂದೇ, ಗ್ರೂಪಿಗೆ ಹಾಕದೆ ಇಟ್ಟುಕೊಂಡವನ್ನೆಲ್ಲ ಕೊಡು ಎಂದು. ಮೊಬೈಲಿನಿಂದ ಕಳಿಸಿದರೆ ಮುಗಿಯುವಂತಿರಲಿಲ್ಲ, ಅಷ್ಟಿದ್ದವು. ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿ, ಟಿವಿಗೆ ಚುಚ್ಚಿ ನೋಡುವುದು ಹೇಗೆಂದು ಹೇಳಿಕೊಟ್ಟೆ. ಒಂದನ್ನು ಮಾತ್ರ ಅಳಿಸಿಬಿಡೋಣ ಅನ್ನಿಸಿತ್ತು. ಇನ್ನೊಂದು ಮೋಸ ಯಾಕೆ ಎಂದು ಬಿಟ್ಟೆ.

ನಾಲ್ಕು ದಿನ ಬಿಟ್ಟು ಚಿಕ್ಕಮ್ಮನ ಫೋನ್ ಬಂತು. ಅಳಿಸದೆ ಬಿಟ್ಟ ಆ ವಿಡಿಯೊ ನೋಡಿದ್ದರು. ಅದರಲ್ಲಿ ಅಮ್ಮ ತೊದಲುತ್ತಾ, “ಪುಟ್ಟಿ ಬಂದ್ಲಾ?” ಎಂದು ಮೂರು ಸಲ ಕೇಳುತ್ತಾಳೆ. ನಾಳೆ ಬರ್ತಾರೆ, ಮೊದಲು ಗಂಜಿ ಕುಡಿ ಎಂದು ಮೊಬೈಲ್ ಹಿಡಿದಿರುವ ನಾನು ಗದರುತ್ತೇನೆ.

ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

“ದಿನಾ ಒಂದ್ಸಲ ಅದುನ್ನ ಹಾಕ್ಕತೀನಿ ಕಣವ್ವ,” ಎಂದರು. “ಅವ್ಳು ಕೇಳ್ದಾಗ, ಬಂದೆ ಕಣಕ್ಕ ಅಂತೀನಿ.”

ಭಾನುವಾರ ಬಾ, ಜೊತೆಯಲ್ಲಿ ನೋಡೋಣ ಎಂದಿದ್ದಾರೆ. ಹೆದರಿಕೆಯಾಗುತ್ತಿದೆ. ಆದರೂ ಕರೆದಿದ್ದಾರಲ್ಲ, ಹೋಗುತ್ತೇನೆ.